ಒಂದು ಬಳ್ಳಿಗೆ ಮೂರು ಚೀಟಿ: ಕೊಡಗಿನ ಸಂಶೋಧನಾ ಕೇಂದ್ರವೊಂದರ ಪ್ರಕರಣ

ಕೊಡಗಿನಲ್ಲಿ ಕೃಷಿ ವಿಜ್ಞಾನಿಗಳಿಗೆ ಬರವಿಲ್ಲ. ಚೆಟ್ಟಳ್ಳಿಯಲ್ಲಿ 1946ರಿಂದ ಕಾಫಿ ಸಂಶೋಧನಾ ಉಪಕೇಂದ್ರವಿದೆ. ಅದೇ ಊರಿನಲ್ಲಿ ಕಿತ್ತಳೆ, ಬೆಣ್ಣೆಹಣ್ಣುಗಳ ಮೇಲೆ ಕೆಲಸ ಮಾಡುವ ತೋಟಗಾರಿಕಾ ಪ್ರಯೋಗ ಕೇಂದ್ರವೂ ಇದೆ. ಮಡಿಕೇರಿ ಹತ್ತಿರದ ಅಪ್ಪಂಗಳದಲ್ಲಿ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ, ಪೊನ್ನಂಪೇಟೆಯಲ್ಲಿ 1995ರಲ್ಲಿ ಶುರುವಾದ ಅರಣ್ಯ ಕಾಲೇಜು. ಇಷ್ಟು ಸಣ್ಣ ಜಿಲ್ಲೆಗೆ ಇದು ಕಡಿಮೆಯೇನಲ್ಲ.

ಆದರೆ ಇವುಗಳ ಯಜಮಾನರು ಬೇರೆ ಬೇರೆ. ಕಾಫಿ ಮಂಡಳಿ ಕೇಂದ್ರದ ವಾಣಿಜ್ಯ ಸಚಿವಾಲಯಕ್ಕೆ ಸೇರಿದ್ದು. ಸಾಂಬಾರ ಬೆಳೆ, ತೋಟಗಾರಿಕೆಯ ಸಂಸ್ಥೆಗಳು ಕೃಷಿ ಸಚಿವಾಲಯದಡಿಯ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿಗೆ (ಐಸಿಎಆರ್). ಅರಣ್ಯ ಕಾಲೇಜು ರಾಜ್ಯದ ವಿಶ್ವವಿದ್ಯಾಲಯಕ್ಕೆ. ತೋಟಕ್ಕೆ ಈ ಲೆಕ್ಕ ಗೊತ್ತಿಲ್ಲ. ನಮ್ಮ ಒಂದೇ ಎಕರೆಯಲ್ಲಿ ಕೆಳಗೆ ಕಾಫಿ, ಮೇಲೆ ಸಿಲ್ವರ್ ಓಕ್ ಮತ್ತು ಹಾಲುವಾಣ, ಆ ಮರಗಳಿಗೆ ಹಬ್ಬಿದ ಕರಿಮೆಣಸು, ನಡುವೆ ಅಳಿದುಳಿದ ಕಿತ್ತಳೆ, ತಗ್ಗಿನಲ್ಲಿ ಏಲಕ್ಕಿ. ಮರದ ಕೊಂಬೆಗೆ ಕತ್ತಿ ಹಾಕಿದರೆ ಅದರ ಪರಿಣಾಮ ನಾಲ್ಕು ಬೆಳೆಗಳ ಮೇಲೆ, ಅಂದರೆ ಮೂರು ಇಲಾಖೆಗಳ ಮೇಲೆ.

ನಾನು ಹೇಳಹೊರಟ ಕೇಂದ್ರದ ಹೆಸರು ಬರೆಯುವುದಿಲ್ಲ. ಅಲ್ಲಿ ಕೆಲಸ ಮಾಡಿದವರಲ್ಲಿ ಹಲವರು ಇನ್ನೂ ಸೇವೆಯಲ್ಲಿದ್ದಾರೆ, ಬಡ್ತಿಯ ಸಾಲಿನಲ್ಲಿದ್ದಾರೆ. ಬೆಳೆಗಾರರ ಕಡೆಯಿಂದ ಅದರ ಸಲಹಾ ಸಮಿತಿಯಲ್ಲಿ ಕೂತಿದ್ದ ನನಗೆ ಎರಡೂ ಬದಿಯ ಮಾತು ಕೇಳುವ ಅವಕಾಶವಿತ್ತು. ಜನ ಒಟ್ಟಿಗೆ ಕೆಲಸ ಮಾಡಬೇಕು ಎಂದು ಎಲ್ಲ ಸಂಸ್ಥೆಗಳೂ ಹೇಳುತ್ತವೆ. ಇಲ್ಲಿ ಅದು ಒಂದಷ್ಟು ಮಟ್ಟಿಗೆ ನಡೆಯಿತು. ಯಾವುದರಿಂದ ನಡೆಯಿತು, ಎಲ್ಲಿ ನಿಂತಿತು ಎಂಬುದಷ್ಟೇ ಈ ಬರಹ.

ಮೂರು ಚೀಟಿಗಳು

ಕೇಂದ್ರದಲ್ಲಿ ರೋಗಶಾಸ್ತ್ರ, ಕೀಟ ಹಾಗೂ ಜಂತುಹುಳು (ಬೇರಿಗೆ ಹತ್ತುವ ಸೂಕ್ಷ್ಮ ಹುಳು, ನೆಮಟೋಡ್), ಮಣ್ಣು ಎಂದು ಮೂರು ವಿಭಾಗ. ಮೂರಕ್ಕೂ ಬೇರೆ ಕೋಣೆ, ಬೇರೆ ರಿಜಿಸ್ಟರ್, ಬೇರೆ ಯೋಜನೆಯ ದುಡ್ಡು. ಒಂದು ಅಕ್ಟೋಬರಿನಲ್ಲಿ ಸೋಮವಾರಪೇಟೆ ಕಡೆಯ ಬೆಳೆಗಾರರೊಬ್ಬರು ಹಳದಿಯಾದ ಮೆಣಸಿನ ಬಳ್ಳಿಯನ್ನು ಬೇರುಸಮೇತ ಚೀಲದಲ್ಲಿ ತುಂಬಿಕೊಂಡು ಬಂದರು. ಮೂರೂ ಕೋಣೆಗಳಿಗೆ ಹೋಗಿ ಮೂರು ಚೀಟಿ ಪಡೆದರು.

ಮೊದಲ ಚೀಟಿಯ ಪ್ರಕಾರ ಅದು ಫೈಟಾಫ್ತೊರ ಎಂಬ ರೋಗಾಣು ತರುವ ಶೀಘ್ರ ಸೊರಗು ರೋಗ. ಬುಡಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಹುಯ್ಯಿರಿ, ಎಲೆಗೆ ಶೇಕಡಾ 1ರ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯಿರಿ. ಎರಡನೆಯದರ ಪ್ರಕಾರ ಬೇರಿನಲ್ಲಿ ಜಂತುಹುಳುಗಳ ಗಂಟಿದೆ, ಇದು ನಿಧಾನ ಸೊರಗು. ಬೇವಿನ ಹಿಂಡಿಯ ಜೊತೆ ಟ್ರೈಕೊಡರ್ಮಾ ಹಾಕಿ. ಮೂರನೆಯದರಲ್ಲಿ ಮಣ್ಣು ಹುಳಿ, ಸುಣ್ಣ ಹಾಕಿ, ಗೊಬ್ಬರದ ಪ್ರಮಾಣ ಇಷ್ಟು.

ಬಿಡಿಬಿಡಿಯಾಗಿ ಮೂರೂ ಸರಿಯೇ. ಒಟ್ಟಿಗೆ ಓದಿದರೆ ಪಜೀತಿ. ಟ್ರೈಕೊಡರ್ಮಾ ಜೀವಂತ ಶಿಲೀಂಧ್ರ. ತಾಮ್ರದ ಔಷಧಿ ಹುಯ್ದ ಬುಡಕ್ಕೆ ಅದೇ ವಾರ ಅದನ್ನು ಹಾಕಿದರೆ ದುಡ್ಡು ಕೊಟ್ಟು ತಂದದ್ದನ್ನು ನಾವೇ ಕೊಂದಂತೆ. ಸುಣ್ಣಕ್ಕೂ ಗೊಬ್ಬರಕ್ಕೂ ನಡುವೆ ಅಂತರ ಬೇಕು. ಇದನ್ನೆಲ್ಲ ಯಾವ ಚೀಟಿಯೂ ಹೇಳಿರಲಿಲ್ಲ, ಏಕೆಂದರೆ ಪಕ್ಕದ ಚೀಟಿಯಲ್ಲಿ ಏನಿದೆ ಎಂದು ಬರೆದವರಿಗೆ ಗೊತ್ತಿರಲಿಲ್ಲ. ಬೆಳೆಗಾರರು ಮುಂದಿನ ಸಭೆಯಲ್ಲಿ ಮೂರೂ ಚೀಟಿಗಳನ್ನು ಮೇಜಿನ ಮೇಲಿಟ್ಟು ಹೇಳಿದ್ದು ಇಷ್ಟೇ: "ಸಾರ್, ನೀವು ಮೂರು ಜನ ಮೊದಲು ಮಾತಾಡಿಕೊಳ್ಳಿ. ಆಮೇಲೆ ನಾನು ಅಂಗಡಿಗೆ ಹೋಗ್ತೇನೆ."

ಕೋಣೆಯಲ್ಲಿ ಯಾರೂ ನಗಲಿಲ್ಲ. ಆದರೆ ಆ ದಿನ ಮೂವರೂ ತಮ್ಮ ತಮ್ಮ ಚೀಟಿಯನ್ನೇ ಸಮರ್ಥಿಸಿಕೊಂಡರು.

ಜಗಳದ ಬೇರು ಎಲ್ಲಿತ್ತು

ಹೊರಗಿನಿಂದ ನೋಡಿದರೆ ಇದು ಅಹಂಕಾರದ ಪ್ರಶ್ನೆ ಅನ್ನಿಸುತ್ತದೆ. ಸ್ವಲ್ಪ ಅದೂ ಇತ್ತು. ಆದರೆ ದೊಡ್ಡ ಕಾರಣ ಮಾದರಿ ತೆಗೆಯುವ ರೀತಿಯಲ್ಲಿತ್ತು.

ರೋಗಶಾಸ್ತ್ರದವರಿಗೆ ಬೇಕಾದದ್ದು ಬುಡದ ತೊಗಟೆ, ಹಸಿ ಬೇರು, ಬೇರಿಗಂಟಿದ ಹಸಿ ಮಣ್ಣು. ಆ ಮಣ್ಣನ್ನು ನೀರಿನಲ್ಲಿ ಕದಡಿ, ಮೇಲೆ ಎಲೆಯ ಚೂರುಗಳನ್ನು ತೇಲಿಬಿಟ್ಟು ಎರಡು ಮೂರು ದಿನ ಕಾದರೆ, ಈಜಿ ಬಂದು ಎಲೆಯಂಚಿಗೆ ಹತ್ತಿದ ಫೈಟಾಫ್ತೊರ ಸೂಕ್ಷ್ಮದರ್ಶಕದಲ್ಲಿ ಕಾಣುತ್ತದೆ. ಜಂತುಹುಳು ನೋಡುವವರಿಗೆ ತೇವವಿರುವ ಮಣ್ಣು ಮತ್ತು ಕೂದಲಿನಂಥ ಸಣ್ಣ ಬೇರುಗಳು ಬೇಕು, ಅದೂ ಬಿಸಿಲಿಗೆ ಬೀಳದೆ. ಮಣ್ಣಿನ ವಿಭಾಗಕ್ಕೆ ಅದೇ ಮಣ್ಣು ನೆರಳಲ್ಲಿ ಒಣಗಿ, ಕುಟ್ಟಿ, ಜರಡಿ ಹಿಡಿದಿರಬೇಕು. ಒಬ್ಬರ ತಯಾರಿ ಇನ್ನೊಬ್ಬರ ಪಾಲಿಗೆ ನಾಶ. ಚೀಲ ಮೊದಲು ಮಣ್ಣಿನ ಕೋಣೆಗೆ ಹೋದರೆ ಜಂತುಹುಳು ಸತ್ತೇ ಹೋಗಿರುತ್ತದೆ, ಆಮೇಲೆ ವರದಿಯಲ್ಲಿ 'ಕಂಡುಬಂದಿಲ್ಲ' ಎಂದು ಬರುತ್ತದೆ. ಹೀಗಾಗಿ ಮೂರೂ ವಿಭಾಗದವರು ಬೇರೆ ಬೇರೆ ದಿನ, ಬೇರೆ ಬೇರೆ ಬಳ್ಳಿಯ ಬುಡ ಅಗೆದು ತರುತ್ತಿದ್ದರು. ಒಂದೇ ತೋಟದ ಬಗ್ಗೆ ಮಾತಾಡುತ್ತಿದ್ದೇವೆ ಎಂದುಕೊಂಡು ಮೂರು ಬೇರೆ ಗಿಡಗಳ ಬಗ್ಗೆ ಮಾತಾಡುತ್ತಿದ್ದರು.

ಕಾಲದ ತೊಡಕೂ ಇತ್ತು. ಶೀಘ್ರ ಸೊರಗು ಮಳೆಗಾಲದ ರೋಗ. ಜುಲೈ, ಆಗಸ್ಟಿನ ಎಡೆಬಿಡದ ಮಳೆಯಲ್ಲಿ ಎಲೆಯ ಮೇಲೆ ಕಪ್ಪು ಮಚ್ಚೆ, ಬುಡದಲ್ಲಿ ಕೊಳೆ, ಹದಿನೈದು ದಿನದಲ್ಲಿ ಬಳ್ಳಿ ಜೋತುಬೀಳುತ್ತದೆ. ನಿಧಾನ ಸೊರಗು ಮಳೆ ನಿಂತು ಮಣ್ಣಿನ ತೇವ ಇಳಿಯುವಾಗ ಹಳದಿಯಾಗಿ ಕಾಣಿಸಿ, ಮುಂದಿನ ಜೂನಿನಲ್ಲಿ ಚಿಗುರಿ, ವಾಸಿಯಾಯಿತು ಎಂಬ ಭ್ರಮೆ ಹುಟ್ಟಿಸಿ, ಮರುವರ್ಷ ಇನ್ನಷ್ಟು ಸೊರಗುತ್ತದೆ. ಎರಡೂ ಒಂದೇ ಬಳ್ಳಿಯಲ್ಲಿ ಇರಬಹುದು. ಆಗಸ್ಟಿನಲ್ಲಿ ತೋಟಕ್ಕೆ ಹೋದವರೂ ನವೆಂಬರಿನಲ್ಲಿ ಹೋದವರೂ ತಾವು ಕಂಡದ್ದನ್ನೇ ನಿಜ ಎಂದರೆ ಅದರಲ್ಲಿ ಅಪ್ರಾಮಾಣಿಕತೆ ಏನೂ ಇಲ್ಲ.

ಫಲಿಸದ ಉಪಾಯಗಳು

ಮುಖ್ಯಸ್ಥರು ಮೊದಲು ಮಾಡಿದ್ದು ಎಲ್ಲರೂ ಮಾಡುವುದನ್ನೇ. ತಿಂಗಳಿಗೊಂದು ವಿಚಾರಗೋಷ್ಠಿ. ಪ್ರತಿ ವಿಭಾಗದವರು ಸ್ಲೈಡು ತೋರಿಸಿದರು, ಉಳಿದವರು ಫೋನ್ ನೋಡಿದರು, ಕೊನೆಗೆ ಟೀ ಮತ್ತು ಬೋಂಡ. ನೆರೆಯ ಸಂಸ್ಥೆಯೊಂದರ ಜೊತೆ ಒಡಂಬಡಿಕೆಗೆ ಸಹಿ ಆಯಿತು, ಫೋಟೋ ಪತ್ರಿಕೆಯಲ್ಲಿ ಬಂತು, ಕಡತ ಕಪಾಟಿಗೆ ಹೋಯಿತು. ವಾಟ್ಸ್ಯಾಪ್ ಗುಂಪಿನಲ್ಲಿ ಹಬ್ಬದ ಶುಭಾಶಯಗಳು ಚೆನ್ನಾಗಿ ಹರಿದಾಡಿದವು.

ಸಭೆಗಳಿಂದ ಸಹಕಾರ ಹುಟ್ಟುತ್ತದೆ ಎಂಬ ನಂಬಿಕೆ ನಮ್ಮ ಸಂಸ್ಥೆಗಳಲ್ಲಿ ಬೇರುಬಿಟ್ಟಿದೆ. ಸಭೆಯಲ್ಲಿ ಹುಟ್ಟುವುದು ಹೆಚ್ಚೆಂದರೆ ಮುಂದಿನ ಸಭೆಯ ದಿನಾಂಕ.

ಒಂದೇ ಗುಂಡಿ, ನಾಲ್ಕು ಚೀಲ

ದಾರಿ ತೋರಿಸಿದವರು ಮಾದರಿಗಳನ್ನು ದಾಖಲಿಸುತ್ತಿದ್ದ ತಾಂತ್ರಿಕ ಸಹಾಯಕಿ. ಮೂರೂ ರಿಜಿಸ್ಟರ್‌ಗಳನ್ನು ನಕಲು ಮಾಡುವ ಕೆಲಸ ಅವರ ಮೇಲೆ ಬಿದ್ದಿತ್ತು. ಒಂದೇ ಬೆಳೆಗಾರರ ಹೆಸರು ಮೂರರಲ್ಲೂ ಮೂರು ದಿನಾಂಕದಲ್ಲಿ ಬರುತ್ತಿದ್ದುದನ್ನು ಗಮನಿಸಿ, ಮೂರನ್ನೂ ಒಂದು ಹಾಳೆಯಲ್ಲಿ ಅಕ್ಕಪಕ್ಕ ಬರೆದು ಮುಖ್ಯಸ್ಥರಿಗೆ ಕೊಟ್ಟರು. ಅವರು ಕೇಳಿದ್ದು ಒಂದೇ: ಬಂದ ಮಾದರಿ ಮೊದಲು ಒಂದೇ ಮೇಜಿನಲ್ಲಿ ಇಳಿಯಲಿ, ಒಂದೇ ನಂಬರ್ ಬೀಳಲಿ.

ಇದು ವಿಜ್ಞಾನವೇ ಅಲ್ಲ, ಗುಮಾಸ್ತೆಯ ಕೆಲಸ ಎಂದು ಒಬ್ಬರು ಗೊಣಗಿದರು. ಮುಖ್ಯಸ್ಥರು ಕಿವಿಗೆ ಹಾಕಿಕೊಳ್ಳಲಿಲ್ಲ. ಮೇಜು ಬಾಗಿಲ ಬಳಿ ಬಂತು. ಬೆಳೆಗಾರರು ಹೇಗೂ ಶುಕ್ರವಾರ ಮಡಿಕೇರಿ ಸಂತೆಗೆ ಬರುತ್ತಾರೆಂದು ಮಾದರಿ ಪಡೆಯುವ ದಿನವನ್ನೂ ಅದಕ್ಕೇ ಹೊಂದಿಸಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಅತ್ಯಂತ ಫಲಕೊಟ್ಟ ತೀರ್ಮಾನ ಇದೇ. ಇದಕ್ಕೆ ಖರ್ಚಾದದ್ದು ಒಂದು ಹಳೆಯ ಮೇಜು.

ನಂತರ ಮೂರೂ ವಿಭಾಗ ಒಟ್ಟಿಗೆ ತೋಟಕ್ಕೆ ಹೊರಟವು. ಮೊದಲ ಸಲ ಹೋದದ್ದು ಮಾದಾಪುರದ ಕಡೆಯ ಒಂದು ಇಳಿಜಾರು ತೋಟಕ್ಕೆ, ಮಳೆ ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಜಿಗಣೆ ಕಾಟಕ್ಕೆ ಎಲ್ಲರೂ ಕಾಲುಚೀಲಕ್ಕೆ ಉಪ್ಪು ಹೊಗೆಸೊಪ್ಪು ಸವರಿಕೊಂಡಿದ್ದರು. ಮೇಡಂ ಒಬ್ಬರು ರಸ್ತೆ ಬದಿಯ ಹಳದಿ ಬಳ್ಳಿಯ ಬುಡಕ್ಕೆ ಕೂತರು. ತೋಟದ ಮೇಸ್ತ್ರಿ ಅಡ್ಡ ಬಂದರು: "ಅದಲ್ಲ ಮೇಡಂ. ಮಳೆಗಾಲದಲ್ಲಿ ನೀರು ಹರಿಯೋದು ಈ ಕಡೆಯಿಂದ. ಮೊದಲು ಸಾಯೋದು ಯಾವಾಗಲೂ ಕೆಳಗಿನ ಸಾಲು. ಅಲ್ಲಿ ಅಗೆಯಿರಿ." ಫೈಟಾಫ್ತೊರದ ಕಣಗಳು ನೀರಿನಲ್ಲಿ ಈಜುತ್ತವೆ ಎಂದು ರೋಗಶಾಸ್ತ್ರದವರು ಪುಸ್ತಕದಿಂದ ತಿಳಿದದ್ದನ್ನು ಆತ ಸಾಲು ಸತ್ತ ಕ್ರಮದಿಂದ ತಿಳಿದಿದ್ದ. ಕೆಳಗಿನ ಸಾಲಿನಲ್ಲಿ ಒಂದು ಗುಂಡಿ ತೆಗೆದರು. ಬುಡದ ತೊಗಟೆ ಒಂದು ಚೀಲಕ್ಕೆ. ಹಸಿ ಬೇರು ಮತ್ತು ಮಣ್ಣು ಒದ್ದೆ ಬಟ್ಟೆ ಸುತ್ತಿದ ಎರಡು ಚೀಲಕ್ಕೆ. ಉಳಿದದ್ದು ಒಣಗಿಸಲು ನಾಲ್ಕನೆಯದಕ್ಕೆ. ನಾಲ್ಕಕ್ಕೂ ಒಂದೇ ನಂಬರ್, ಮರದ ಮೇಲೂ ಅದೇ ನಂಬರನ್ನು ಬಣ್ಣದಲ್ಲಿ ಬರೆದರು.

ಫಲಿತಾಂಶ ಬಂದಾಗ ಆ ಬಳ್ಳಿಯಲ್ಲಿ ರೋಗಾಣುವೂ ಇತ್ತು, ಬೇರಿನಲ್ಲಿ ಗಂಟೂ ಇತ್ತು. ಅಂದರೆ ಇಬ್ಬರೂ ಗೆದ್ದರು. ಆ ಒಂದು ಬಳ್ಳಿಯ ವರದಿ ಹತ್ತು ವಿಚಾರಗೋಷ್ಠಿಗಳಿಗಿಂತ ಹೆಚ್ಚು ಅವರನ್ನು ಮೆತ್ತಗಾಗಿಸಿತು.

ಅಲ್ಲಿಂದ ಮುಂದೆ ನಾಟಿ ಗದ್ದೆಯ ಮುಯ್ಯಾಳು ಪದ್ಧತಿಯಂತೆ ನಡೆಯಿತು. ಇವತ್ತು ನಿನ್ನ ಕೆಲಸಕ್ಕೆ ನನ್ನ ಆಳು, ನಾಳೆ ನನ್ನ ಕೆಲಸಕ್ಕೆ ನೀನು. ಜಂತುಹುಳು ಎಣಿಸುವ ದಿನ ರೋಗಶಾಸ್ತ್ರದ ಹುಡುಗಿಯರು ಕೈ ಜೋಡಿಸಿದರು. ಬೋರ್ಡೋ ತಯಾರಿಸುವ ದಿನ ಮಣ್ಣಿನವರು ಬಂದರು. ಅಲ್ಲಿ ಕಲಿಕೆಯೂ ಆಯಿತು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ಎಲ್ಲ ಕರಪತ್ರದಲ್ಲೂ ಇದೆ. ಆದರೆ ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ನಿಧಾನಕ್ಕೆ ಸುರಿಯಬೇಕು, ಕಬ್ಬಿಣದ ಡ್ರಮ್ಮು ಸಲ್ಲದು, ಕೊನೆಗೆ ಹೊಳೆಯುವ ಕತ್ತಿಯನ್ನು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ. ಸುಣ್ಣ ಹಳೆಯದಾಗಿ ಶಕ್ತಿ ಕಳೆದುಕೊಂಡಿದ್ದರೆ ತೂಕದ ಲೆಕ್ಕ ಸುಳ್ಳಾಗುತ್ತದೆ, ಕತ್ತಿ ಸುಳ್ಳಾಗುವುದಿಲ್ಲ. ಮಣ್ಣಿನ ವಿಜ್ಞಾನಿ ಪಿಎಚ್ ಕಾಗದ ತಂದಿದ್ದರು. ತೋಟದ ಮೇಸ್ತ್ರಿ ಕತ್ತಿ ತಂದಿದ್ದರು. ಎರಡೂ ಒಂದೇ ಉತ್ತರ ಕೊಟ್ಟವು.

ಹೆಸರು ಯಾರದು

ಸಿಹಿ ಇಷ್ಟೇ. ಮುಂದಿನದ್ದು ಕಷ್ಟದ ಭಾಗ, ಇದರ ಬಗ್ಗೆ ಸಂಸ್ಥೆಗಳು ಬಹಿರಂಗವಾಗಿ ಮಾತಾಡುವುದು ಕಡಿಮೆ.

ವಿಜ್ಞಾನಿಯ ಬಡ್ತಿಗೆ ಪ್ರಬಂಧ ಬೇಕು, ಅದರಲ್ಲಿ ಮೊದಲ ಹೆಸರಿಗೆ ತೂಕ ಹೆಚ್ಚು. ವಾರ್ಷಿಕ ಮೌಲ್ಯಮಾಪನ ವ್ಯಕ್ತಿಯದು, ಗುಂಪಿನದಲ್ಲ. ಒಟ್ಟಿಗೆ ಕೆಲಸ ಮಾಡಿ ಎನ್ನುವ ಸಂಸ್ಥೆಯೇ ಒಬ್ಬೊಬ್ಬರನ್ನು ಬೇರೆ ಬೇರೆ ತೂಗುತ್ತದೆ. ಒಂದೇ ಗುಂಡಿಯ ಮಣ್ಣಿನಿಂದ ಮೂರು ಪ್ರಬಂಧ ಬರೆಯಬೇಕೋ, ಒಂದು ಬರೆಯಬೇಕೋ? ಒಂದಾದರೆ ಮೊದಲು ಯಾರು? ಈ ಪ್ರಶ್ನೆಯನ್ನು ಕೆಲಸ ಮುಗಿದ ಮೇಲೆ ಕೇಳಿದ್ದರೆ ಎಲ್ಲವೂ ಅಲ್ಲೇ ಒಡೆಯುತ್ತಿತ್ತು. ಕೇಳಿದವರು ಜಂತುಹುಳು ವಿಭಾಗದ ಹಿರಿಯರು, ಎರಡನೇ ತೋಟಕ್ಕೆ ಹೋಗುವ ಮೊದಲೇ, ಜೀಪಿನ ಪಕ್ಕ ನಿಂತು. ಕೆಲವರಿಗೆ ಅದು ಸಣ್ಣತನ ಅನ್ನಿಸಿತು. ನನಗೆ ಅನ್ನಿಸಲಿಲ್ಲ. ಪಾಲು ಪಟ್ಟಿ ಮೊದಲೇ ಆಗಿದ್ದರೆ ಅಣ್ಣತಮ್ಮಂದಿರ ನಡುವೆ ಕೋರ್ಟು ಬರುವುದಿಲ್ಲ ಎಂದು ಕೊಡಗಿನವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಜಗತ್ತಿನ ಹಲವು ವಿಜ್ಞಾನ ಪತ್ರಿಕೆಗಳು ಈಗ ಲೇಖಕರ ಕೊಡುಗೆಯನ್ನು 14 ಪಾತ್ರಗಳಲ್ಲಿ ನಮೂದಿಸುವ 'ಕ್ರೆಡಿಟ್' ಎಂಬ ಪಟ್ಟಿ ಬಳಸುತ್ತವೆ. ಯೋಚನೆ ಯಾರದು, ಕ್ಷೇತ್ರಕಾರ್ಯ ಯಾರದು, ದತ್ತಾಂಶ ಕಾಪಾಡಿದವರು ಯಾರು, ಬರೆದವರು ಯಾರು ಎಂದು. ಕೇಂದ್ರದವರು ಅದನ್ನೇ ಒಂದು ಪುಟಕ್ಕೆ ಇಳಿಸಿ, ಪ್ರತಿ ಕೆಲಸದ ಮೊದಲ ದಿನ ತುಂಬತೊಡಗಿದರು. ಮೊದಲ ಹೆಸರು ಸರದಿಯಂತೆ. ಸರದಿ ಬಂದವರು ಆರು ತಿಂಗಳೊಳಗೆ ಕರಡು ತರದಿದ್ದರೆ ಮುಂದಿನವರಿಗೆ. ಈ ಕೊನೆಯ ನಿಯಮದ ಮೇಲೆ ಒಮ್ಮೆ ಜೋರು ಮಾತುಕತೆಯೂ ಆಯಿತು. ಒಬ್ಬರು ತಿಂಗಳುಗಟ್ಟಲೆ ಮುಖ ತಿರುಗಿಸಿಕೊಂಡು ಓಡಾಡಿದರು. ನಿಯಮ ಮಾತ್ರ ನಿಂತಿತು.

ಗುತ್ತಿಗೆಯ ಹುಡುಗ ಹುಡುಗಿಯರ ಪ್ರಶ್ನೆ ಇದಕ್ಕಿಂತ ಗಂಭೀರ. ಕಾಡು ಮೇಡು ಅಲೆದು ಮಾದರಿ ತರುವವರು, ರಾತ್ರಿ ಎಂಟರವರೆಗೆ ಎಣಿಸುವವರು ಯೋಜನೆಯ ದುಡ್ಡಿನಲ್ಲಿರುವ ಕಿರಿಯ ಸಂಶೋಧನಾ ಫೆಲೋಗಳು (ಜೆಆರ್‌ಎಫ್), 'ಯಂಗ್ ಪ್ರೊಫೆಷನಲ್'ಗಳು. ಯೋಜನೆ ಮುಗಿದ ದಿನ ಅವರು ಮನೆಗೆ, ಅಂಕಿ ಅಂಶ ಅವರ ಪೆನ್‌ಡ್ರೈವಿನಲ್ಲಿ. ಎಷ್ಟೋ ವರ್ಷಗಳ ಕೆಲಸ ಹೀಗೆ ಕೇಂದ್ರದ ಗೇಟು ದಾಟಿದೆ. ಅವರ ಹೆಸರು ಪ್ರಬಂಧದಲ್ಲಿ ಬರುತ್ತದೆ ಎಂದು ಬರಹದಲ್ಲಿ ಖಾತ್ರಿಯಾದ ಮೇಲೆ ಪ್ರತಿ ಶನಿವಾರ ಸಾಮಾನ್ಯ ಕಂಪ್ಯೂಟರಿಗೆ ಪ್ರತಿ ಇಳಿಸುವ ರೂಢಿ ತಾನಾಗಿ ಬಂತು. ಮೊದಲು ಇದಕ್ಕೆ ಎರಡು ಸುತ್ತೋಲೆ ಹೊರಡಿಸಿ ಸೋತಿದ್ದರು.

ಇಂಚು ಮತ್ತು ಸೆಂಟು

ಕೊಡಗಿನ ತೋಟಗಾರರಿಗೆ ಮಳೆ ಅಳೆಯುವ ಹುಚ್ಚಿದೆ. ಫೆಬ್ರವರಿ ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಬಿತ್ತು, ಅದರ ಹಿಂದೆ ಕಾಯಿ ಕಟ್ಟಿಸುವ ಬ್ಯಾಕಿಂಗ್ ಮಳೆ ಯಾವಾಗ ಬಂತು ಎಂಬುದರ ಮೇಲೆ ವರ್ಷದ ಕಾಫಿ ನಿಂತಿರುತ್ತದೆ. ಅಜ್ಜನ ಕಾಲದ ಡೈರಿಗಳು ಇನ್ನೂ ಎಷ್ಟೋ ಮನೆಗಳ ಕಪಾಟಿನಲ್ಲಿವೆ. ಎಲ್ಲ ಇಂಚು, ಸೆಂಟಿನಲ್ಲಿ (ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು). ಮದುವೆ ಮನೆಯಲ್ಲಿ ಇಬ್ಬರು ಸಿಕ್ಕರೆ ಮೊದಲ ಪ್ರಶ್ನೆ, "ನಿಮ್ಮಲ್ಲಿ ಎಷ್ಟು ಸೆಂಟು?"

ರೋಗ ಎಲ್ಲಿ ಯಾವಾಗ ಏಳುತ್ತದೆ ಎಂದು ಅಂದಾಜಿಸಲು ಕೇಂದ್ರದ ಒಂದು ಮಳೆಮಾಪಕ ಸಾಲದು. ಭಾಗಮಂಡಲದ ಮಳೆಗೂ ಕುಶಾಲನಗರದ ಮಳೆಗೂ ಅಜಗಜಾಂತರ. ಹಾಗಾಗಿ ಬೆಳೆಗಾರರ ಡೈರಿ ಕೇಳಿದರು. ಇಲ್ಲಿ ಸಹಕಾರದ ವ್ಯಾಪ್ತಿ ಕೇಂದ್ರದ ಕಾಂಪೌಂಡ್ ದಾಟಿತು, ತೊಡಕೂ ಹೆಚ್ಚಿತು. ಹವಾಮಾನ ಇಲಾಖೆಯ ಕ್ರಮದಲ್ಲಿ ಓದುವ ಹೊತ್ತು ಬೆಳಗಿನ 8:30. ನಮ್ಮವರಲ್ಲಿ ಕೆಲವರು ಆರಕ್ಕೆ ಓದುತ್ತಾರೆ, ಕೆಲವರು ಆಳುಗಳಿಗೆ ಕೆಲಸ ಹಂಚಿದ ಮೇಲೆ. ಎರಡು ಇಂಚು ನಲವತ್ತು ಸೆಂಟು ಅಂದರೆ 61 ಮಿಲಿಮೀಟರ್, ಲೆಕ್ಕ ಸುಲಭ. ಆದರೆ ಅದು ಯಾವ ದಿನದ ಖಾತೆಗೆ? ಒಂದು ತೋಟದ ಮಳೆಮಾಪಕವನ್ನು ಹಲಸಿಗೆ ಬಂದ ಆನೆ ತುಳಿದು ಚಪ್ಪಟೆ ಮಾಡಿತ್ತು, ಮಾಲೀಕರು ಒಂದು ವಾರದ ಮಳೆಯನ್ನು ಪಕ್ಕದ ತೋಟದಿಂದ ಕೇಳಿ ಬರೆದಿದ್ದರು. ಅದನ್ನು ಅವರೇ ಒಪ್ಪಿಕೊಂಡರು.

2018ರ ಆಗಸ್ಟಿನ ಭೂಕುಸಿತದ ಬಳಿಕ ಈ ಡೈರಿಗಳಿಗೆ ಬೇರೆಯೇ ಬೆಲೆ ಬಂದಿತ್ತು. ಮಳೆಯ ಅಂಕಿಗಾಗಿ ಎಲ್ಲೆಲ್ಲಿಂದಲೋ ಜನ ಬಂದು ಫೋಟೋ ತೆಗೆದುಕೊಂಡು ಹೋದವರು ಮತ್ತೆ ಮುಖ ತೋರಿಸಿರಲಿಲ್ಲ. ಆ ಕಹಿ ಇದ್ದುದರಿಂದ ಬೆಳೆಗಾರರು ಮೊದಲೇ ಷರತ್ತು ಹಾಕಿದರು: ಅಂಕಿ ಕೊಡುತ್ತೇವೆ, ಆದರೆ ನಮ್ಮ ಹೋಬಳಿಯ ನಕ್ಷೆ ಮೊದಲು ನಮಗೆ ಬರಬೇಕು, ನೀವು ಬರೆಯುವ ಪ್ರಬಂಧಕ್ಕಿಂತ ಮೊದಲು. ಕೇಂದ್ರ ಒಪ್ಪಿತು. ಜೂನಿನ ಮೊದಲ ಸಿಂಪಡಣೆ ಯಾವ ಕಡೆ ಯಾವ ವಾರ ಎಂಬ ಒಂದು ಹಾಳೆಯ ಸೂಚನೆ ಬರತೊಡಗಿತು. ಎರಡೂ ಬದಿಯವರಿಗೆ ಲಾಭ ಕಂಡ ಮೊದಲ ಸಂಗತಿ ಅದು.

ದಾಟಲಾಗದ ಬೇಲಿ

ಕಾಫಿಯ ಜೊತೆಗಿನ ಹೊಂದಾಣಿಕೆ ಮಾತ್ರ ಪೂರ್ತಿ ಆಗಲಿಲ್ಲ. ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಸವರುವುದು, ಯಾವಾಗ, ಎಷ್ಟು ಎಂಬುದು ಕಾಫಿಯವರ ಮಾತು, ಆದರೆ ಕಡಿಯುವ ಮರದ ಮೇಲೆ ಮೆಣಸಿನ ಬಳ್ಳಿ ಇದೆ. ಕಾಫಿಗೆ ಮಳೆಗಾಲದ ನಂತರ ಅಗತೆ (ಮಣ್ಣು ಅಗೆದು ಸಡಿಲಿಸುವುದು) ಬೇಕೆನ್ನುತ್ತಾರೆ, ಮೆಣಸಿನ ಬುಡದಲ್ಲಿ ಗುದ್ದಲಿ ಹಾಕಿದರೆ ಬೇರಿನ ಗಾಯದಿಂದ ರೋಗ ಒಳಹೋಗುತ್ತದೆ. ಇವೆರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕಿತ್ತು. ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯ ಇರಲಿಲ್ಲ. ಬಳ್ಳಿಯ ಬುಡದ ಸುತ್ತ ಅಗತೆ ಬೇಡ, ಉಳಿದ ಕಡೆ ಮಾಡಿ ಎಂದು ಚಹಾ ಕುಡಿಯುತ್ತಲೇ ತೀರ್ಮಾನಿಸಿದರು. ಆದರೆ ಎರಡು ಸಂಸ್ಥೆಯ ಲಾಂಛನ ಒಂದೇ ಹಾಳೆಯ ಮೇಲೆ ಬರಬೇಕಾದರೆ ಕಡತ ಎರಡು ಪ್ರಧಾನ ಕಚೇರಿಗಳಿಗೆ ಹೋಗಿಬರಬೇಕು. ಹೋಯಿತು. ಬರಲಿಲ್ಲ. ಕಾಫಿ ವಿಜ್ಞಾನಿಯೊಬ್ಬರು ರಜಾದಿನಗಳಲ್ಲಿ 'ವೈಯಕ್ತಿಕವಾಗಿ' ತೋಟಕ್ಕೆ ಬರುತ್ತಿದ್ದರು, ಅವರ ಸಲಹೆ ಹಾಳೆಯಲ್ಲಿ ಹೆಸರಿಲ್ಲದೆ ಸೇರುತ್ತಿತ್ತು.

ಮುಖ್ಯಸ್ಥರಿಗೆ ವರ್ಗವಾಯಿತು. ಹೊಸದಾಗಿ ಬಂದವರಿಗೆ ತಮ್ಮದೇ ಆದ್ಯತೆಗಳಿದ್ದವು, ತಪ್ಪೇನಲ್ಲ. ಜಂಟಿ ತೋಟಭೇಟಿಗಳು ವಿರಳವಾದವು. ಬಣ್ಣದಲ್ಲಿ ನಂಬರ್ ಬರೆದ ಮರಗಳಲ್ಲಿ ಕೆಲವನ್ನು ಮಾಲೀಕರು ಮಾರಿದರು. ಬಾಗಿಲ ಬಳಿಯ ಮೇಜನ್ನು ಮಾತ್ರ ಯಾರೂ ತೆಗೆಯಲಿಲ್ಲ. ಅದನ್ನು ತೆಗೆದರೆ ಮತ್ತೆ ಮೂರು ರಿಜಿಸ್ಟರ್ ಬರೆಯಬೇಕೆಂದು ಎಲ್ಲರಿಗೂ ಗೊತ್ತು. ಪಾತ್ರಗಳ ಆ ಒಂದು ಪುಟವೂ ಉಳಿದಿದೆ, ಕಿರಿಯ ವಿಜ್ಞಾನಿಗಳೇ ಅದನ್ನು ಕೇಳಿ ತುಂಬಿಸಿಕೊಳ್ಳುತ್ತಾರೆ. ಮಳೆಯ ಹಾಳೆ ಕಳೆದ ಮುಂಗಾರಿಗೂ ಬಂತು, ತಡವಾಗಿ.

ಈಗಿರುವ ತಕರಾರು ಇದು. ಬೇರೊಂದು ಸಂಸ್ಥೆ ಡೈರಿಗಳ ಅಂಕಿಗಳನ್ನು ಕೇಳಿದೆ. ಕೊಡುವ ಅಧಿಕಾರ ಕೇಂದ್ರಕ್ಕಿದೆಯೋ, ಡೈರಿ ಬರೆದ ಮನೆಗಳಿಗಿದೆಯೋ ಎಂದು ಮೊದಲ ದಿನದ ಪುಟದಲ್ಲಿ ಬರೆದಿರಲಿಲ್ಲ. ಬೆಳೆಗಾರರ ಪೈಕಿ ಕೆಲವರು ಧಾರಾಳವಾಗಿ ಕೊಡಿ ಎನ್ನುತ್ತಾರೆ. ಹಿರಿಯರೊಬ್ಬರು ಮಾತ್ರ ತಮ್ಮ ಡೈರಿಯ ಪ್ರತಿಯನ್ನು ವಾಪಸ್ ಕೇಳಿದ್ದಾರೆ. ಮುಂದಿನ ಸಲಹಾ ಸಮಿತಿಯ ಸಭೆಗೆ ಈ ವಿಷಯವನ್ನು ಪಟ್ಟಿಯಲ್ಲಿ ಸೇರಿಸಲು ನಾನು ಬರೆದುಕೊಟ್ಟಿದ್ದೇನೆ.